ರಿವರ್ಸ್ ಇಲ್ಲದ ಜೀಪು

ನಲ್ಲಪ್ಪನ ಜೀಪಿಗೆ ರಿವರ್ಸ್ ಗೇರು ಹೋಗಿ ಬಹಳ ಕಾಲವಾಗಿತ್ತು. ಮಿಲಿಟರಿಯವರ ಹರಾಜಿನಲ್ಲಿ ಬಂದ ಹಳೆಯ ಗಾಡಿ. ಹ್ಯಾಂಡ್ ಬ್ರೇಕೂ ಹಿಡಿಯುತ್ತಿರಲಿಲ್ಲ, ಗೇರಿನಲ್ಲಿಟ್ಟರೂ ಇಳಿಜಾರಿನಲ್ಲಿ ಜಾರುತ್ತಿತ್ತು. ಅದಕ್ಕೆ ತಕ್ಕಂತೆ ಅವನು ತನ್ನ ದಾರಿಯನ್ನೇ ಹೊಂದಿಸಿಕೊಂಡಿದ್ದ. ಕೆರೆ ಏರಿ, ಹುಣಸೆ ತೋಪು, ಅಲ್ಲಿಂದ ಅತ್ತಿಬೆಲೆ ರಸ್ತೆ ಹಿಡಿದು ಸುತ್ತಿಕೊಂಡು ಮನೆ. ಹಿಂದಕ್ಕೆ ಬರುವ ಪ್ರಮೇಯವೇ ಇಲ್ಲ.

ಮಹಾಲಯ ಅಮಾವಾಸ್ಯೆಯ ದಿನ ಅಣ್ಣ ಚಿಕ್ಕಬೈರಪ್ಪನನ್ನು ಎತ್ತಿ ಪಕ್ಕದ ಸೀಟಿನಲ್ಲಿ ಕೂರಿಸಿ, ಬೀಳದಂತೆ ಪಂಚೆಯಿಂದ ಕಟ್ಟಿದ. ಲಕ್ವ ಹೊಡೆದು ಅಣ್ಣನ ಬಲಭಾಗವೂ ಮಾತೂ ಹೋಗಿದ್ದವು. ತೋಪಿನಲ್ಲಿರುವ ಅಪ್ಪನ ಸಮಾಧಿಗೆ ಎಡೆ ಇಡಬೇಕಾದವನು ಹಿರಿಮಗ. ಹೋದ ವರ್ಷ ಆಸ್ಪತ್ರೆಯಲ್ಲಿದ್ದು ತಪ್ಪಿತ್ತು. ಮುಂದಿನ ವರ್ಷಕ್ಕೆ ಅಣ್ಣ ಇರುತ್ತಾನೋ ಇಲ್ಲವೋ.

ನಲ್ಲಪ್ಪನ ಹೆಂಡತಿ ರಾಮಮ್ಮ ಒಬ್ಬಟ್ಟು, ವಡೆ, ಮಾವ ಸೇದುತ್ತಿದ್ದ ಬೀಡಿಯ ಕಟ್ಟು ಇಟ್ಟ ಎಲೆಯನ್ನು ಭಾವನ ತೊಡೆಯ ಮೇಲಿಟ್ಟಳು.

"ನಿಧಾನಕ್ಕೆ ಓಗಿ. ಆ ಡಕೋಟ ಅತ್ತಿದ್ರೆ ನಿಮ್ಗೆ ಗ್ಯಾನ ಇರಲ್ಲ."

"ನಾನೆಲ್ಲಿ ಓಡಿಸ್ತೀನಿ? ಅದೇ ನಡ್ಕೊಂಡು ಓಯ್ತದೆ, ಸುಮ್ಕಿರು."

ಏರಿಯ ಮೇಲೆ ಎಮ್ಮೆಗಳು ಅಡ್ಡ ಬಂದವು. ಅವು ದಾಟುವ ತನಕ ನಲ್ಲಪ್ಪ ಆರಾಮಾಗಿ ಕಾದ. ನೀರ ಮೇಲಿಂದ ತಂಪು ಗಾಳಿ ಬೀಸುತ್ತಿತ್ತು.

"ಇಲ್ಲೇ ಅಲ್ವೇನಣ್ಣ, ಅಪ್ಪ ನಿನ್ನ ನೀರಿಗೆಸ್ದು ಈಜು ಕಲಿಸಿದ್ದು? ಕಪ್ಪೆ ಅಂಗೆ ಕೂಗ್ತಿದ್ದೆ!"

ಅಣ್ಣನ ತುಟಿಯ ಎಡತುದಿ ನಕ್ಕಿತು.

ಏರಿ ಇಳಿದು ತೋಪಿನ ಇಳಿಜಾರಿಗೆ ಬಂದವನೇ ನಲ್ಲಪ್ಪ ಬ್ರೇಕು ತುಳಿದ. ಮುಂದೆ ದಾರಿಯ ಬದಲು ಆಳವಾದ ಕಂದಕವಿತ್ತು. ತೋಪು ಕೈಗಾರಿಕೆಗೆ ಹೋಗಿದೆಯೆಂದು ಗೊತ್ತಿತ್ತು. ಹಬ್ಬದ ಹೊತ್ತಿಗೇ ಕಾಂಪೌಂಡಿಗೆ ಅಗೆಯುತ್ತಾರೆಂದು ಗೊತ್ತಿರಲಿಲ್ಲ. ಮರಗಳೆಲ್ಲ ಉರುಳಿದ್ದವು. ಎರಡು ಕಡೆಯೂ ಕತ್ತಾಳೆ ಬೇಲಿ, ತಿರುಗಿಸಲು ಜಾಗವಿಲ್ಲ. ಬ್ರೇಕಿನಿಂದ ಕಾಲು ತೆಗೆದರೆ ಅಣ್ಣನ ಸಮೇತ ಜೀಪು ಕಂದಕಕ್ಕೆ. ಗಾಲಿಗೆ ಒತ್ತು ಕೊಡಲು ಕಲ್ಲೂ ಇಲ್ಲ, ಬರೀ ಹಸಿ ಮಣ್ಣು.

ಆಚೆಯಿಂದ ವಾಚ್‌ಮನ್ ಕಂದಕ ದಾಟಿ ಓಡಿ ಬಂದ. ವಿಜಾಪುರದ ಕಡೆಯವನು, ಮಲಕಪ್ಪನಂತೆ.

"ಯಜಮಾನ್ರ, ಮುಂದ ಬರಬ್ಯಾಡ್ರಿ! ಹೊರಗಿನವ್ರನ್ನ ಒಳಗ ಬಿಟ್ರ ನನ್ನ ನೌಕರಿ ಹೋಗ್ತೈತ್ರಿ."

"ಬರಕ್ಕೆ ನನ್ಗೆ ಕಾಲಾದ್ರೂ ಎಲ್ಲಪ್ಪ ಐತೆ, ಬ್ರೇಕ್ ಮೇಲೈತೆ," ಎಂದು ನಲ್ಲಪ್ಪ ಎಡೆಯ ವಿಷಯ ಹೇಳಿದ.

ಮಲಕಪ್ಪ ಅಣ್ಣನ ಮುಖ ನೋಡಿದ. "ನಮ್ಮವ್ವಗೂ ಇವತ್ತ ಎಡಿ ಇಡಬೇಕಿತ್ರಿ. ಕೊಡ್ರಿಲ್ಲೆ, ನಾ ಇಟ್ ಬರ್ತೀನಿ."

ಅಣ್ಣ ಎಡಗೈಯಿಂದ ಎಲೆಯನ್ನು ಮುಟ್ಟಿ ಕೊಟ್ಟ. ಚಪ್ಪಲಿ ಬಿಟ್ಟು, ಎಲೆ ಹಿಡಿದು ಮಲಕಪ್ಪ ಕಂದಕ ಇಳಿದು ಹತ್ತಿದ. ನೆಟ್ಟಗೆ ಹೋಗಿ, ಬಲಗಡೆ ಸುಣ್ಣ ಬಳಿದು ನೆಟ್ಟಿದ್ದ ಕಲ್ಲಿನ ಮುಂದೆ ಎಡೆ ಇಟ್ಟು ಅಡ್ಡಬಿದ್ದ. ಅದು ಸರ್ವೆಯವರ ಗಡಿಕಲ್ಲು. ಅಪ್ಪನ ಸಮಾಧಿ ಎಡಗಡೆ, ಮಣ್ಣಿನ ಗುಡ್ಡೆಯ ಪಕ್ಕದಲ್ಲಿತ್ತು.

"ಅಲ್ಲಲ್ಲ ಕಣಪ್ಪೋ! ಎಡಕ್ಕೆ!"

ಮಣ್ಣು ಅಗೆಯುವ ಯಂತ್ರದ ಸದ್ದಿನಲ್ಲಿ ನಲ್ಲಪ್ಪನ ಕೂಗು ಕರಗಿಹೋಯಿತು. ಅಣ್ಣ ಎಡಗೈಯನ್ನು ಸಮಾಧಿಯ ಕಡೆಗೆ ಚಾಚಿದ. ಅಷ್ಟರಲ್ಲಿ ದೂರದಲ್ಲಿ ಇಂಜಿನಿಯರರ ಕಾರಿನ ಧೂಳೆದ್ದಿತು. ಮಲಕಪ್ಪ ಗಾಬರಿಯಾಗಿ ಕೂಲಿಯವರನ್ನು ಕರೆತಂದ.

"ಲಗೂ ನೂಕ್ರೋ! ಯಜಮಾನ್ರ, ನಿಮ್ಮಪ್ಪಾವ್ರಿಗೆ ಮುಟ್ಟಿತ್ರಿ, ಸಮಾಧಾನ ಮಾಡ್ಕೋರಿ."

ಅವನ ಹಣೆಯ ಮೇಲೆ ಅಡ್ಡಬಿದ್ದಾಗ ಮೆತ್ತಿದ ಮಣ್ಣು ಇನ್ನೂ ಇತ್ತು. ನಲ್ಲಪ್ಪ ಅದನ್ನು ನೋಡಿದ.

"ಒಳ್ಳೇದಾಗ್ಲಪ್ಪ," ಎಂದ.

ಕೂಲಿಯವರು ಬಾನೆಟ್ಟಿಗೆ ಹೆಗಲು ಕೊಟ್ಟರು. ಜೀಪು ಮೊದಲ ಸಲ ಆ ದಾರಿಯಲ್ಲಿ ಹಿಂದಕ್ಕೆ ಸರಿಯಿತು. ನಲ್ಲಪ್ಪ ಕುತ್ತಿಗೆ ತಿರುಗಿಸಿ ಹಿಂದಿನ ದಾರಿ ನೋಡುತ್ತಿದ್ದ. ಅಣ್ಣ ಮುಂದಕ್ಕೇ ನೋಡುತ್ತಿದ್ದ. ಅವನ ಎಡಗೈ ಎಡಕ್ಕೆ ಚಾಚಿಯೇ ಇತ್ತು.