ಜೋಳದ ಬುಡ ಕಡಿದದ್ದು ಯಾರು

ನನ್ನ ಬಾಯಿ ಸುಮ್ಮನಿದ್ದಿದ್ದರೆ ಇದೇನೂ ಆಗುತ್ತಿರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನ ಪರವಾಗಿ ವಕಾಲತ್ತು ಹಾಕುವುದು ಬೇಡ.

ಮಿಡಿಗೇಶಿ ಬೆಟ್ಟದ ಕೆಳಗೆ, ಬಾವಿಯ ಪಕ್ಕದ ಹೊಲಕ್ಕೆ ಆ ವರ್ಷ ಮುಸುಕಿನ ಜೋಳ ಹಾಕಿದ್ದೆವು. ಬದುವಿನ ಆಚೆ ನನ್ನ ತಮ್ಮ ಓಬಳಯ್ಯನ ಹೊಲ. ಬಾವಿ ಎರಡು ಮನೆಗೂ ಒಂದೇ. ಎತ್ತು ಕಟ್ಟಿ ಕಪಿಲೆಯಲ್ಲಿ ನೀರೆತ್ತುವ ಸರದಿಯ ವಿಷಯಕ್ಕೆ ಅವನಿಗೂ ನಮ್ಮ ಯಜಮಾನರಿಗೂ ಯುಗಾದಿಯಿಂದ ಮಾತು ನಿಂತಿತ್ತು. ಯಜಮಾನರನ್ನು ಊರೆಲ್ಲ ಪಾಲಪ್ಪ ಅನ್ನುತ್ತದೆ. ಗಂಡನ ಹೆಸರು ಇದೊಂದು ಸಲ ಹೇಳಿದ್ದೇನೆ, ಇನ್ನು ಹೇಳುವುದಿಲ್ಲ.

ಪೈರು ಗೇಣುದ್ದ ಬಂದಿತ್ತು. ಒಂದು ಬೆಳಿಗ್ಗೆ ನೋಡಿದರೆ ಬದುವಿನ ಕಡೆಯ ಸಾಲು ಪೂರ್ತಿ ಮಲಗಿದೆ! ಕುಡುಗೋಲಿನಲ್ಲಿ ಕೊಯ್ದ ಹಾಗೆ ಒಂದೊಂದೂ ಮಣ್ಣಿನ ಮಟ್ಟಕ್ಕೆ ಕಡಿದು ಬಿದ್ದಿತ್ತು. ದನ ಮೇದಿದ್ದರೆ ಎಲೆ ಉಳಿಯುತ್ತಿರಲಿಲ್ಲ, ಇಲ್ಲಿ ಎಲೆ ಹಾಗೇ ಇತ್ತು. ಮಾರನೆಯ ದಿನ ಎರಡನೆಯ ಸಾಲು, ಅದರ ಮಾರನೆಯ ದಿನ ಮೂರನೆಯದು. ಯಜಮಾನರು ಬದುವಿನ ಮೇಲೆ ನಿಂತು ಹಲ್ಲು ಕಡಿದರು.

"ಯಾವನ್ಲಾ ಅದು, ನನ್ ಹೊಟ್ಟೆ ಮೇಲೆ ಹೊಡಿಯೋನು?"

"ನೆನ್ನೆ ಹೊತ್ತು ಮುಳುಗೋವಾಗ ಓಬ್ಳಯ್ಯ ಇಲ್ಲೇ ಬಗ್ಗಿ ಏನೋ ನೋಡ್ತಿದ್ದ" ಅಂದುಬಿಟ್ಟೆ ನಾನು. ದೂರು ಹೇಳಬೇಕೆಂದಲ್ಲ. ಆದರೆ ನನಗೂ ಅನುಮಾನ ಬಂದಿತ್ತು, ಸುಳ್ಳೇಕೆ ಹೇಳಲಿ? ಒಡಹುಟ್ಟಿದವನ ಮೇಲೆ ಅನುಮಾನ ಪಟ್ಟ ನನ್ನ ಮುಖಕ್ಕಿಷ್ಟು!

ಸಂಜೆಯೊಳಗೆ ಮಾತು ಗುಡಿಯ ಮುಂದಕ್ಕೆ ಹೋಯಿತು. "ನಾನು ಕಡ್ದಿಲ್ಲ" ಅಂದ ಓಬಳಯ್ಯ. "ಅಂಗಾದ್ರೆ ನಾಳೆ ಸೋಮವಾರ ಬಂದು ದೀಪ ಆರ್ಸು" ಅಂದರು ಯಜಮಾನರು. ನಮ್ಮಲ್ಲಿ ವೀರಭದ್ರನ ಮುಂದೆ ಹಚ್ಚಿಟ್ಟ ದೀಪವನ್ನು ಕೈಯಾರೆ ಆರಿಸಿ ಆಣೆ ಮಾಡುತ್ತಾರೆ. ಸುಳ್ಳಾಡಿದರೆ ಮನೆ ಹಾಳು. ನಿಜ ಹೇಳಿದರೆ ಅವನಿಗೇನೂ ಆಗುವುದಿಲ್ಲ. ಆದರೆ ಆಣೆ ಕೇಳಿದ ಮನೆಗೂ ಮಾಡಿದ ಮನೆಗೂ ಅವತ್ತಿನಿಂದ ಅನ್ನ ನೀರು ಇಲ್ಲ, ಸಾಯುವವರೆಗೂ ಇಲ್ಲ. ಅಪ್ಪ ಅಮ್ಮ ಹೋದ ಮೇಲೆ ತವರು ಅಂತ ನನಗಿದ್ದವನು ಅವನೊಬ್ಬನೇ.

ಸೋಮವಾರ ಬೆಳಕು ಹರಿಯುತ್ತಲೇ ಹೊಲಕ್ಕೆ ಓಡಿದೆ. ಹೆಜ್ಜೆ ಗುರುತು ನೋಡಬೇಕಿತ್ತು. ತಮ್ಮನ ಬಲಗಾಲಿನ ಹೆಬ್ಬೆರಳು ಸೊಟ್ಟ, ಎಲ್ಲಿ ಕಂಡರೂ ಗೊತ್ತಾಗುತ್ತದೆ. ನಾಲ್ಕನೆಯ ಸಾಲು ಆಗಲೇ ಮಲಗಿತ್ತು. ಮೆತ್ತನೆ ಮಣ್ಣಿನಲ್ಲಿ ಹೆಜ್ಜೆ ಅನ್ನುವುದು ಒಂದೂ ಇಲ್ಲ!

ಅಷ್ಟರಲ್ಲಿ ಬಿದ್ದ ಪೈರೊಂದು ಕಣ್ಣಿಗೆ ಬಿತ್ತು. ಅದರ ಎಲೆಯ ತುದಿ ಮಣ್ಣೊಳಗೆ ಹೋಗಿತ್ತು. ಕುಡುಗೋಲು ಕಡಿಯುತ್ತದೆ, ಮಣ್ಣೊಳಗೆ ಎಳೆದುಕೊಳ್ಳುವುದಿಲ್ಲ. ಹಿಡಿದು ಎಳೆದೆ, ಆಚೆಯಿಂದ ಯಾರೋ ಹಿಡಿದ ಹಾಗೆ ಬಿಗಿಯಾಯಿತು. ಬೆರಳಿನಲ್ಲಿ ಎರಡಂಗುಲ ಕೆದಕಿದರೆ ಮಣ್ಣಿನ ಬಣ್ಣದ, ಎಣ್ಣೆ ಸವರಿದಂಥ ಹುಳ, ಬಳೆಯ ಹಾಗೆ ಸುತ್ತಿಕೊಂಡು ಬಿದ್ದಿದೆ. ಪಕ್ಕದ ಪೈರಿನ ಬುಡ ಕೆದಕಿದೆ, ಅಲ್ಲೂ ಒಂದು. ಮೊದಲ ದಿನ ಬಿದ್ದು ಒಣಗಿದ್ದರ ಬುಡದಲ್ಲಿ ಏನೂ ಇಲ್ಲ. ಹೊಸದಾಗಿ ಕಡಿದಲ್ಲಿ ಮಾತ್ರ ಕಳ್ಳ ಇದ್ದಾನೆ.

ಬದುವಿನ ಪಕ್ಕ ನಾನೇ ಕಿತ್ತು ಗುಡ್ಡೆ ಹಾಕಿದ್ದ ಕಳೆ ಇತ್ತು. ಹೊತ್ತೊಯ್ದು ಆಚೆ ಹಾಕಲು ಮೈಗಳ್ಳತನ, ಅಲ್ಲೇ ಬಿಟ್ಟಿದ್ದೆ. ಎತ್ತಿ ನೋಡಿದರೆ, ಅಯ್ಯಯ್ಯೋ, ಕೆಳಗೆ ಹುಳ ಗಿಜಿಗುಡುತ್ತಿತ್ತು. ಓಬಳಯ್ಯನ ಹೊಲ ಮೂರು ಸಲ ಉತ್ತು ಬಿಸಿಲಿಗೆ ಒಣಗಿತ್ತು, ಒಂದು ಹುಲ್ಲುಕಡ್ಡಿ ಇರಲಿಲ್ಲ. ಇವಕ್ಕೆ ಹಾಸಿಗೆ ಹಾಸಿ ಸಾಕಿದವಳು ನಾನು. ಸೆರಗಿನ ತುಂಬ ಬಾಚಿಕೊಂಡು, ಕಡಿದ ಪೈರೊಂದನ್ನು ಹಿಡಿದು ಗುಡಿಗೆ ಓಡಿದೆ. ಕಲ್ಲು ಎಡವಿ ಉಗುರು ಕಿತ್ತುಬಂದರೂ ನಿಲ್ಲಲಿಲ್ಲ.

ಗುಡಿಯ ಮುಂದೆ ಜನ ಸೇರಿತ್ತು. ಓಬಳಯ್ಯ ಒದ್ದೆ ಪಂಚೆಯಲ್ಲಿ ನಿಂತಿದ್ದ. ಅರ್ಚಕ ನಾಗಲಿಂಗಯ್ಯನವರು ದೀಪ ಹಚ್ಚಿ ಬಾಗಿಲ ಮುಂದೆ ಇಡುತ್ತಿದ್ದರು.

"ತಡೀರಿ ಸಾಮಿ!" ಕಿರುಚಿದೆ. "ಬುಡ ಕಡ್ದೋರು ಇಲ್ಲೇ ಅವ್ರೆ, ನೋಡ್ರಿ!"

ಸೆರಗು ಬಿಚ್ಚಿ ಕಲ್ಲುಚಪ್ಪಡಿಯ ಮೇಲೆ ಸುರಿದೆ. ಹುಳಗಳು ಬಿಸಿಲು ತಾಗಿದ್ದೇ ಸುತ್ತಿಕೊಂಡವು. ಕಡಿದ ಪೈರನ್ನೂ ಪಕ್ಕದಲ್ಲಿಟ್ಟು, ಎಲ್ಲಿ ಸಿಕ್ಕವು, ಹೇಗೆ ಸಿಕ್ಕವು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಯಜಮಾನರ ಮುಖ ಕಪ್ಪಿಟ್ಟಿತು.

"ತಪ್ಪಾಯ್ತು ಕಣ್ಲಾ ಓಬ್ಳಯ್ಯ" ಅಂದರು, ತಲೆ ತಗ್ಗಿಸಿ.

"ಸತ್ಯ ತಿಳೀತಲ್ಲಪ್ಪ, ಇನ್ನು ದೀಪ ಆರಿಸೋದು ಬೇಡ" ಅಂದರು ನಾಗಲಿಂಗಯ್ಯನವರು. ನನಗೆ ಹೋದ ಜೀವ ಬಂತು.

ಓಬಳಯ್ಯ ಮಾತ್ರ ಕದಲಲಿಲ್ಲ. ನನ್ನ ಕಡೆ ತಿರುಗಿದ.

"ಬದುವಿನ್ ಮೇಲೆ ಬಗ್ಗಿದ್ದೆ ಅಂತ ಭಾವಂಗೆ ಹೇಳಿದ್ಯಾರಕ್ಕ?"

"ನಾನೇ ಕಣಪ್ಪ."

"ಬಗ್ಗಿದ್ದು ದಿಟ. ನಿಮ್ ಪೈರು ಬಿದ್ದಿದ್ ನೋಡಿ ಸಂಕ್ಟ ಆಯ್ತು, ಅದ್ಕೆ ಬಗ್ಗಿದ್ದೆ. ನನ್ನೇ ಕೇಳ್ಬೋದಿತ್ತಲ್ಲಕ್ಕ. ಈ ಹುಳ ಸಿಗ್ದೇ ಇದ್ದಿದ್ರೆ ನಾನ್ ನಿಂಗೆ ಕಳ್ಳನೇಯಾ?"

ನಾನು ಬಗ್ಗಿ ಚಪ್ಪಡಿಯ ಮೇಲಿನ ಹುಳಗಳನ್ನು ಮತ್ತೆ ಸೆರಗಿಗೆ ಬಾಚತೊಡಗಿದೆ. ಅವನು ದೀಪದ ಕಡೆ ತಿರುಗಿದ. ಆಮೇಲೆ, "ನಾನು ಕಡ್ದಿಲ್ಲ ವೀರಭದ್ರ" ಅಂದವನೇ ಎರಡು ಬೆರಳಿನಿಂದ ಬತ್ತಿ ಹಿಸುಕಿಬಿಟ್ಟ. ಯಾರೂ ತಡೆಯಲು ಆಗಲಿಲ್ಲ.

ಹುಳ ಹೋಯಿತು, ಅದೇನೂ ಕಷ್ಟವಾಗಲಿಲ್ಲ. ದಿನಾ ಸಂಜೆ ಹೊಲದಲ್ಲಿ ಹಸಿ ಕಳೆಯ ಸಣ್ಣ ಗುಡ್ಡೆಗಳನ್ನು ಬೇಕೆಂದೇ ಇಡುತ್ತಿದ್ದೆವು. ಬಿಸಿಲೇರುವ ಮುಂಚೆ ಎತ್ತಿ, ಅಡಿಯಲ್ಲಿ ಸೇರಿದ್ದ ಹುಳಗಳನ್ನು ಬಿಸಿನೀರಿಗೆ ಹಾಕುತ್ತಿದ್ದೆವು. ಹೊಸದಾಗಿ ಬಿದ್ದ ಪೈರಿನ ಬುಡ ಕೆದಕುತ್ತಿದ್ದೆವು. ಬದು ಕೆತ್ತಿ ಹುಲ್ಲು ತೆಗೆದು, ಖಾಲಿ ಸಾಲಿಗೆ ಮತ್ತೆ ಬೀಜ ಊರಿದೆವು. ಹತ್ತು ದಿನಕ್ಕೆ ಕಡಿಯುವುದು ನಿಂತಿತು. ಜೋಳ ಚೆನ್ನಾಗಿಯೇ ಬಂತು.

ಮೂರು ವರ್ಷದ ಮೇಲೆ ಓಬಳಯ್ಯನ ಮಗಳು ಸರೋಜಮ್ಮನ ಮದುವೆಯಾಯಿತು. ಆರತಿ ಎತ್ತಬೇಕಾದ ಸೋದರತ್ತೆ ನಾನು, ಚಪ್ಪರದ ಆಚೆ ಬಿಸಿಲಲ್ಲಿ ನಿಂತು ಅಕ್ಷತೆ ಹಾಕಿದೆ. ಆ ಮಗು ಬಾಸಿಂಗ ಕಟ್ಟಿಕೊಂಡೇ ಎದ್ದುಬಂದು ಚೊಂಬು ಚಾಚಿತು.

"ಅತ್ತೆ, ಒಂದ್ ಗುಟ್ಕು ನೀರಾದ್ರೂ ಕುಡಿ."

ಗಂಟಲು ಒಣಗಿ ಸಾಯುತ್ತಿದ್ದೆ. ಚಪ್ಪರದೊಳಗಿಂದ ತಮ್ಮ ನೋಡುತ್ತಿದ್ದ.

"ಬ್ಯಾಡ ಕಣಮ್ಮ, ಬಾಯಾರಿಲ್ಲ" ಅಂದೆ.