ಸೂರ್ಯನ ಮೇಲೊಂದು ಗೀರು

ಗಾಡಿಯಲ್ಲಿ ಧೂಳು ಕಂಡರೆ ಕಂಪನಿಯ ಸೂಪರ್‌ವೈಸರ್ ಬೈಯುತ್ತಿದ್ದ. ಹಾಗಾಗಿ ಡ್ರೈವರ್ ಯಮನಪ್ಪನ ಹೆಗಲ ಮೇಲೆ ಒರೆಸುವ ಬಟ್ಟೆ ಸದಾ ಇರುತ್ತಿತ್ತು. ಆ ಶುಕ್ರವಾರ ಬೆಳಿಗ್ಗೆ ಕೊಲ್ಲಿ ದೇಶದ ಉಮ್ಮ್ ಸಲಾಲ್‌ನಿಂದ ಹೊರಡುವ ಮೊದಲು ಸ್ಟೀರಿಂಗ್, ಕನ್ನಡಿ, ಸೀಟು ಎಲ್ಲ ಒರೆಸಿದ. ಹಿಂದಿನ ಸೀಟಿನ ಮೇಲೆ ಒಂದು ಪೆಟ್ಟಿಗೆ ತೆರೆದಿತ್ತು. ಒಳಗಿದ್ದ ಹಿತ್ತಾಳೆ ದೂರದರ್ಶಕದ ಕಣ್ಣಿಡುವ ತುದಿಯ ಪುಟ್ಟ ಗಾಜಿಗೆ ಮರಳು ಕೂತಿತ್ತು. ಅದನ್ನೂ ತಿಕ್ಕಿದ. ಬಟ್ಟೆಯಡಿ ‘ಕಿರ್’ ಎಂದಿತು.

ಪೆಟ್ಟಿಗೆ ಡಾಕ್ಟರ್ ಚಿಲೂಫ್ಯಾ ಅವರದು. ಜಾಂಬಿಯಾದ ಖಗೋಳ ವಿಜ್ಞಾನಿ, ಅರವತ್ತು ದಾಟಿದವರು. ಅಲ್ ಶಮಾಲ್‌ನಲ್ಲಿ ಮಕ್ಕಳಿಗೆ ಸೂರ್ಯನನ್ನು ತೋರಿಸಲು ಹೊರಟಿದ್ದರು. ದಾರಿಯಲ್ಲಿ ಅವರ ಮಾತನ್ನು ಕನ್ನಡಕ್ಕೆ ತಂದು ಹೇಳುತ್ತಿದ್ದವಳು ಜೊತೆಗೆ ಬಂದ ಟೀಚರ್, ಪುತ್ತೂರಿನ ಭವ್ಯಶ್ರೀ.

“ಸೂರ್ಯನ್ನ ಓದೋದು ಏನೈತ್ರೀ? ದಿನಾ ಅವನ ಕೆಳಗ ಬೇಯ್ತೀವಲ್ಲ,” ಎಂದ ಯಮನಪ್ಪ.

ಡಾಕ್ಟರ್ ನಕ್ಕು ಏನೋ ಹೇಳಿದರು.

“ಇವರ ಅಪ್ಪ ತಾಮ್ರದ ಗಣಿಯಲ್ಲಿ ಇದ್ದದ್ದಂತೆ. ಭಾನುವಾರ ಮಾತ್ರ ಬಿಸಿಲು ಕಾಣೋದು. ವಾರವಿಡೀ ಸೂರ್ಯ ಹೇಗಿದ್ದ ಅಂತ ಅಪ್ಪನಿಗೆ ತೋರಿಸ್ಲಿಕ್ಕೆ ಇವರು ಚಿತ್ರ ಬರೀಲಿಕ್ಕೆ ಶುರು ಮಾಡಿದ್ದು. ನಲವತ್ತು ವರ್ಷದಿಂದ ಇದೇ ದೂರದರ್ಶಕ ಮಾರಾಯ್ರೆ.”

ಯಮನಪ್ಪನಿಗೆ ಬೆಳಗಿನ ‘ಕಿರ್’ ನೆನಪಾಯಿತು. ಕನ್ನಡಿಯಲ್ಲಿ ಹಿಂದಿನ ಪೆಟ್ಟಿಗೆಯನ್ನು ನೋಡಿದ.

ಅಲ್ ಶಮಾಲ್‌ನ ಮೈದಾನದಲ್ಲಿ ಮಕ್ಕಳು ಬರುವ ಮೊದಲೇ ದೂರದರ್ಶಕ ನಿಂತಿತು. ಕೆಳಗೆ ಹಿಡಿದ ಬಿಳಿ ಕಾಗದದ ಮೇಲೆ ಸೂರ್ಯ ತಟ್ಟೆಯಷ್ಟಗಲ ಬಿದ್ದ. ಅವನ ಮೈಮೇಲೆ ನಾಲ್ಕು ಕಪ್ಪು ಚುಕ್ಕೆ.

“ಟೀಚರ್ರ, ಆ ಚುಕ್ಕಿ ನಂದ ಕೆಲಸ. ಬೆಳಿಗ್ಗೆ ಗಾಜು ಒರೆಸೀನ್ರಿ. ಹೇಳಿಬಿಡ್ರಿ ಅವರಿಗೆ. ಆದ್ರ ಕಂಪನಿಗೆ ಗೊತ್ತಾದ್ರ ನನ್ನ ಊರಿಗೆ ಕಳಸ್ತಾರ.”

“ಅಯ್ಯೋ, ಎಂತ ಮಾಡಿದ್ರಿ ನೀವು!”

ವಿಷಯ ಕೇಳಿ ಡಾಕ್ಟರ್ ನಗಲಿಲ್ಲ. ತಿರುಗಿಸು ಎಂದು ಬೆರಳಲ್ಲೇ ತೋರಿಸಿದರು.

“ಆ ಗಾಜು ತಿರುಗಿಸ್ಬೇಕಂತೆ,” ಎಂದಳು ಭವ್ಯಶ್ರೀ. “ಜೊತೆಗೆ ತಿರುಗಿದ ಚುಕ್ಕೆ ಗಾಜಿನದ್ದು, ನಿಂತದ್ದು ಸೂರ್ಯನದ್ದು. ಇವರ ಮೊದಲ ಚಿತ್ರಗಳನ್ನು ನೋಡಿ ಒಬ್ಬರು ದೊಡ್ಡ ಪ್ರೊಫೆಸರು ‘ಗಾಜು ಕೊಳೆ’ ಅಂದಿದ್ರಂತೆ. ಇವರು ಆ ಪ್ರೊಫೆಸರ ಕೈಯಿಂದಲೇ ಗಾಜು ತಿರುಗಿಸಿದ್ದಂತೆ.”

ಯಮನಪ್ಪ ಎರಡೇ ಬೆರಳಲ್ಲಿ ತಿರುಗಿಸಿದ. ನಾಲ್ಕೂ ಚುಕ್ಕೆ ಕದಲಲಿಲ್ಲ. “ಇವು ನನ್ನವಲ್ರೀ,” ಎಂದ. ಅಷ್ಟರಲ್ಲಿ ಕೂದಲೆಳೆಯಂಥ ಒಂದು ಗೀರು ಗಡಿಯಾರದ ಮುಳ್ಳಿನಂತೆ ಸೂರ್ಯನನ್ನು ಹಾದುಹೋಯಿತು.

“ಅದೊಂದು ನಂದು,” ಎಂದ ತಾನೇ.

ಡಾಕ್ಟರ್ ಅವನ ಹೆಸರು ಕೇಳಿ, ಆ ದಿನದ ಚಿತ್ರದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದರು.

“ಕಂಪ್ಲೇಂಟ್ ಏನ್ರೀ ಅದು?”

“ಗೀರು, ಯಮನಪ್ಪ, ಇವತ್ತಿನ ತಾರೀಕು, ಅಷ್ಟೇ,” ಎಂದು ಓದಿದಳು ಭವ್ಯಶ್ರೀ. “ ಮುಂದೆ ಯಾರೂ ಅದನ್ನು ಸೂರ್ಯನದ್ದು ಅಂದ್ಕೊಳ್ಳಬಾರ್ದಲ್ಲ. ಕಂಪನಿಗೆ ಹೇಳುದಿಲ್ಲ ಅಂತೆ, ಖಲಾಸ್.”

ಯಮನಪ್ಪ ಕಾಗದದ ಮೇಲೆ ಬಗ್ಗಿದ. “ಇನ್ನೊಮ್ಮೆ ತಿರುಗಿಸ್ಲೇನ್ರಿ?”

“ತಿರುಗಿಸಿ. ಮೊದಲು ಆ ಬಟ್ಟೆ ಗಾಡಿಯಲ್ಲಿ ಇಟ್ಟು ಬರ್ಬೇಕಂತೆ.”