ಅಡುಗೆಮನೆಯ ಕ್ಯಾಮೆರಾ

ಜೋರಾಪುರ ಪೇಟೆಯ ಅರುಣಕುಮಾರನಿಗೆ ಕ್ಯಾಮೆರಾ ಕೂರಿಸುವುದೆಂದರೆ ಬರೀ ಕಸುಬಲ್ಲ, ಹುಚ್ಚು. ಹೋದ ವರ್ಷ ತಿಕೋಟಾದಲ್ಲಿ ತಂಗಿ ವಿಜಯಲಕ್ಷ್ಮೀಯ ಗಂಡನ ಮನೆಗೆ, ಒಣದ್ರಾಕ್ಷಿ ಕಳುವಾಗದಿರಲೆಂದು, ಮೂರು ಕ್ಯಾಮೆರಾ ಹಾಕಿದ್ದ. ರೆಕಾರ್ಡರಿನಲ್ಲಿ ನಾಲ್ಕಕ್ಕೆ ಜಾಗವಿತ್ತು. ಟಿವಿಯಲ್ಲಿ ನಾಲ್ಕನೆಯ ಚೌಕ ಕಪ್ಪಾಗಿ ಉಳಿದದ್ದು ಕಂಡು ಅವನ ಕೈ ಸುಮ್ಮನಿರಲಿಲ್ಲ. ಬೀಗರೆದುರು ದೊಡ್ಡಸ್ತಿಕೆ ಬೇರೆ! ತನ್ನ ಲೆಕ್ಕದಲ್ಲೇ ಇರಲಿ ಎಂದು ನಾಲ್ಕನೆಯದನ್ನು ಅಡುಗೆಮನೆಗೆ ಹಾಕಿದ. ತಂಗಿಯ ಅತ್ತೆ ಗುರುಬಸವ್ವನಿಗೆ ಅದನ್ನು ಟಿವಿಯಲ್ಲಿ ನೋಡುವುದನ್ನೂ ಕಲಿಸಿಕೊಟ್ಟು ಬಂದ.

ಕಲಿತವಳು ಸುಮ್ಮನೆ ಕೂರುತ್ತಾಳೆಯೇ? ಸೊಸೆ ಎಷ್ಟು ಎಣ್ಣೆ ಸುರಿದಳು, ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡಳೋ, ಫೋನಿನಲ್ಲಿ ಯಾರೊಡನೆ ಮಾತಾಡಿ ಕಣ್ಣೊರೆಸಿಕೊಂಡಳು, ಎಲ್ಲವನ್ನೂ ಪಡಸಾಲೆಯಲ್ಲಿ ಕೂತೇ ನೋಡತೊಡಗಿದಳು. ಸಂಜೆ ಮಗನಿಗೆ ಅದೆಲ್ಲ ತಿರುಗಿಸಿ ತೋರಿಸುವಳು.

"ಅಣ್ಣಾ, ಅಡಗಿಮನ್ಯಾಗಿಂದ ಅದನ್ನ ತಗಿ. ಉಸಿರು ಕಟ್ಟಿದಂಗ ಆಗತೈತಿ," ಎಂದು ವಿಜಯಲಕ್ಷ್ಮೀ ಒಮ್ಮೆ ಫೋನು ಮಾಡಿದ್ದಳು.

"ಹುಚ್ಚಿ, ಅದೇನ್ ನಿನ್ನ ಕಡೀತೈತೇನು?" ಎಂದು ಅವನು ನಕ್ಕಿದ್ದ. ಆಮೇಲೆ ಅವಳ ಫೋನು ಬರಲಿಲ್ಲ.

ನಾಗರಪಂಚಮಿ ಹಬ್ಬಕ್ಕೆ ತಂಗಿಯನ್ನು ತವರಿಗೆ ಕರೆತರಲು ಅರುಣಕುಮಾರ ಎಳ್ಳು-ಶೇಂಗಾ ಉಂಡಿಯ ಡಬ್ಬಿ ಹಿಡಿದು ತಿಕೋಟಾಕ್ಕೆ ಹೋದ. ವಿಜಯಲಕ್ಷ್ಮೀ ಹೊಸ ಸೀರೆ ಉಟ್ಟು, ಚೀಲ ತುಂಬಿಕೊಂಡು ಬಾಗಿಲಲ್ಲೇ ಕೂತಿದ್ದಳು.

"ಅರುಣಪ್ಪಾ, ಅಡಗಿಮನಿದು ಟಿವ್ಯಾಗ ಬರವಲ್ದು," ಎಂದಳು ಗುರುಬಸವ್ವ. "ಅದನ್ನ ಸರಿ ಮಾಡು, ಆಮ್ಯಾಲ ಕರ್ಕೊಂಡು ಹೋಗು."

ರೆಕಾರ್ಡರಿಗೆ ಏನೂ ಆಗಿರಲಿಲ್ಲ. ಅವನು ಸ್ಟೂಲು ಹತ್ತಿ ಅಡುಗೆಮನೆಯ ಕೇಬಲ್ ಹಿಡಿದು ನೋಡುತ್ತ ಹೋದ. ಡಬ್ಬಿಗಳ ಹಿಂದೆ ಅದು ತುಂಡಾಗಿತ್ತು. ಇಲಿ ಕಡಿದರೆ ತುದಿ ಸಿಬಿರು ಸಿಬಿರಾಗುತ್ತದೆ. ಇದು ಕತ್ತರಿಯ ಕೆಲಸ. ಕೆಳಗೆ ನಿಂತ ತಂಗಿಯ ಮುಖ ಬಿಳಿಚಿಕೊಂಡಿತ್ತು.

"ಏನಾಗೇತಿ?" ಪಡಸಾಲೆಯಿಂದ ಕೂಗು ಬಂತು.

"ಇಲಿ ಕಡದಾವ್ರಿ ಅತ್ತಿ."

ತಂಗಿ ಉಸಿರು ಬಿಟ್ಟಳು. ಪುಣ್ಯಾತ್ಮ ಅಲ್ಲಿಗೇ ನಿಲ್ಲಿಸಬಹುದಿತ್ತು. ಕೇಬಲ್ ತಂದಿಲ್ಲ ಎಂದಿದ್ದರೆ ಆಗುತ್ತಿತ್ತು. ಆದರೆ ಸರಿಮಾಡದಿದ್ದರೆ ಅತ್ತೆ ಇವಳನ್ನು ಕಳಿಸುವುದಿಲ್ಲವಲ್ಲ, ನಾಲ್ಕು ದಿನ ತವರಲ್ಲಿ ಉಂಡು ಬರಲಿ ಎಂದುಕೊಂಡು ಚೀಲ ಬಿಚ್ಚಿದ.

"ಇಲಿ ಅಂದ್ರ ಮತ್ತ ಕಡೀತಾವ. ಕಬ್ಬಿಣದ ಪೈಪಿನ್ಯಾಗ ಹಾಕು," ಎಂದಳು ಗುರುಬಸವ್ವ.

ತಾನೇ ಹೇಳಿದ ಸುಳ್ಳು. ಪೇಟೆಯಿಂದ ಪೈಪು ತಂದು, ಒಳಗೆ ಹೊಸ ಕೇಬಲ್ ಎಳೆದು, ಕತ್ತರಿ ಹೋಗಲಿ, ಕೊಡಲಿಗೂ ಜಗ್ಗದಂತೆ ಗೋಡೆಗೆ ಬಿಗಿದ. ಕೆಲಸ ಮಾತ್ರ ಅಚ್ಚುಕಟ್ಟು.

"ನಡಿ ವಿಜಿ, ಅವ್ವ ಹಾದಿ ನೋಡಾಕತ್ತಾಳ," ಎಂದು ಕೈ ಒರೆಸಿಕೊಳ್ಳುತ್ತ ತಿರುಗಿದ.

ಅವಳು ಚೀಲ ಒಳಗಿಟ್ಟು ಬಂದು ಹಿಟ್ಟು ನಾದುತ್ತಿದ್ದಳು. "ನೀ ಕರ್ಯಾಕ ಬಂದಿ ಅನ್ಕೊಂಡಿದ್ನಿ. ರಿಪೇರಿಗಿ ಬಂದಿದ್ದಿ. ಆತಲ್ಲ, ಹೋಗು."

ಅವನು ಹತ್ತಿರ ಬಂದ. ಅವಳ ಕೆನ್ನೆಯ ಮೇಲಿನ ನೀರು ಒರೆಸಲು ಕೈ ಚಾಚಿದ.

"ಅರುಣಪ್ಪಾ," ಪಡಸಾಲೆಯಿಂದ ಗುರುಬಸವ್ವ ಖುಷಿಯಿಂದ ಕೂಗಿದಳು, "ಮೊದಲಿಗಿಂತ ಚೊಲೊ ಕಾಣತೈತಿ ನೋಡು. ಆಕಿ ಕಣ್ಣೀರ ಸೈತ ಕಾಣಾಕತ್ತಾವು."

ವಿಜಯಲಕ್ಷ್ಮೀ ಸೆರಗು ಮುಖಕ್ಕೆಳೆದುಕೊಂಡು ಗೋಡೆಯ ಕಡೆ ತಿರುಗಿದಳು. ಅರುಣಕುಮಾರ ಆ ಪಂಚಮಿಗೆ ಒಬ್ಬನೇ ಮನೆಗೆ ಹೋದ.